ಬಳೆಚೂರಿನ ನವಿಲು

ನನ್ನದು ಕೆಲಸಕ್ಕೆ ಬಾರದ ಕೈ ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಂದೋಲಾ ಊರಿನ ನಮ್ಮ ಹೊಲದಲ್ಲಿ ನನ್ನಷ್ಟು ಬೇಗ ಜೋಳದ ತೆನೆ ಮುರಿಯುವವಳು ಇನ್ನೊಬ್ಬಳು ಇರಲಿಲ್ಲ. ಒದೆಯುವ ಎಮ್ಮೆ ಕೂಡ ನನ್ನ ಕೈಗೆ ಸುಮ್ಮನೆ ಹಾಲು ಬಿಡುತ್ತಿತ್ತು. ಆದರೆ ಸೂಜಿಗೆ ದಾರ ಪೋಣಿಸು ಅಂದರೆ ಮುಗಿಯಿತು, ಸೂಜಿ ಒಂದು ದಿಕ್ಕಿಗೆ, ದಾರ ಒಂದು ದಿಕ್ಕಿಗೆ. ಕಸೂತಿ ಕಲಿಸಲು ಬಂದ ಟೀಚರಮ್ಮ ಮೂರನೆಯ ದಿನಕ್ಕೇ ಕೈಮುಗಿದು ಹೋಗಿದ್ದರು.

ಇಂಥ ನನಗೆ ಎಂಬತ್ಮೂರನೆಯ ಇಸವಿಯಲ್ಲಿ ಖಜೂರಿಯ ಗಂಡು ಗೊತ್ತಾಯಿತು. ಹುಡುಗನ ಹೆಸರು ಭೀಮಶಾ, ಸ್ವಂತ ಲಾರಿ ಇತ್ತು, ಮಾತು ಕಡಿಮೆ. ಅದೆಲ್ಲ ಸರಿ. ಆದರೆ ಖಜೂರಿ ಅಂದರೆ ಆಳಂದ ತಾಲೂಕಿನ ಕಟ್ಟಕಡೆ, ಅತ್ತ ನಾಲ್ಕು ಹೆಜ್ಜೆ ಇಟ್ಟರೆ ಮಹಾರಾಷ್ಟ್ರ. ಅಲ್ಲಿಯ ಲಗ್ನಗಳಲ್ಲಿ ನಮ್ಮ ಮನೆಯಲ್ಲಿ ಇಲ್ಲದ ಒಂದು ಪದ್ಧತಿ ಇತ್ತು, ರುಖವತ ಅಂತ. ಮದುಮಗಳು ತನ್ನ ಕೈಯಾರೆ ಮಾಡಿದ ಚಂದದ ಸಾಮಾನುಗಳನ್ನು ಲಗ್ನದ ದಿನ ಹಂದರದಲ್ಲಿ ಒಂದು ಮಂಚದ ಮೇಲೆ ಹರವಿ ಇಡಬೇಕು. ಹತ್ತಿಯ ಹಂಸ, ಕಡ್ಡಿಪೆಟ್ಟಿಗೆಯ ತುಳಸಿಕಟ್ಟೆ, ತೆಂಗಿನಕಾಯಿಗೆ ಬಟ್ಟೆ ತೊಡಿಸಿದ ಗಂಡಹೆಂಡಿರು, ಹೀಗೆ. ಬೀಗರ ಹೆಂಗಸರು ಅವನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಹುಡುಗಿಯ ಜಾಣತನ ಎಷ್ಟು ಅಂತ ತೂಗುತ್ತಾರೆ.

ನಿಶ್ಚಯದ ದಿನ ನನ್ನ ಅತ್ತೆಯಾಗುವ ಗುರುಬಾಯಿ ನಮ್ಮ ಪಡಸಾಲೆಯಲ್ಲಿ ಕೂತು ಸ್ಪಷ್ಟವಾಗಿ ಹೇಳಿದರು.

"ನಮಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ರುಖವತ ಮಾತ್ರ ಹುಡುಗಿ ಕೈಲೇ ಆಗಬೇಕು ನೋಡ್ರಿ. ನನ್ನ ರುಖವತ ನೋಡಾಕ ಅಕ್ಕಲಕೋಟದಿಂದ ಮಂದಿ ಬಂದಿದ್ರು. ನಮ್ಮ ಹಿರೇ ಸೊಸಿ ಏನು ಮಾಡಿದಳು? ಸೋಲಾಪುರ ಬಜಾರದಾಗಿಂದ ತಂದು ಇಟ್ಟು, ನಾನೇ ಮಾಡೇನಿ ಅಂದಳು. ಅವತ್ತಿನಿಂದ ಆಕಿ ಹಗಲು ಅಂದ್ರೂ ನಾ ಹೊರಗ ಹೋಗಿ ನೋಡಿ ಬರ್ತೇನಿ."

ಹಿರಿ ಸೊಸೆ ಸಕ್ಕುಬಾಯಿ ಅಲ್ಲೇ ಪಕ್ಕದಲ್ಲಿ ಕೂತಿದ್ದಳು. ನಾಲ್ಕು ವರ್ಷದಿಂದ ಹೋದ ಕಡೆಯೆಲ್ಲ ಕೇಳಿದ ಮಾತು ಇರಬೇಕು, ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಅವಳನ್ನು ನೋಡಿದ ಕೂಡಲೇ ನನಗೆ ಒಂದು ಮಾತು ತಿಳಿಯಿತು. ಆ ಮನೆಯಲ್ಲಿ ಒಮ್ಮೆ ಸುಳ್ಳಿ ಅನ್ನಿಸಿಕೊಂಡರೆ ಮುಪ್ಪಾಗುವ ತನಕ ಸುಳ್ಳಿಯೇ. ಆ ಹೆಸರು ಮಾತ್ರ ನನಗೆ ಬೇಡ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ನನಗೆ ಕಲಿಸಲು ಆಳಂದದಿಂದ ಶಾರದಾ ಚಿಗವ್ವ ಬಂದಳು. ಅವ್ವನ ತಂಗಿ. ಬಾಯಿ ಜೋರು, ಮನಸ್ಸು ಬೆಣ್ಣೆ. ಆಳಂದದಲ್ಲಿ ರುಖವತ ಅವಳಿಲ್ಲದೆ ಆಗುವುದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

"ಹಳೇ ಕ್ಯಾಲೆಂಡರ್ ಎಲ್ಲಾ ತಗೊಂಡು ಬಾ ಬೇ. ಕಾಗದದ ಮಣಿ ಮಾಡಿ ಬಾಗಲಿಗೆ ಪರದೆ ಹೆಣಿಯೋಣು. ಇದು ನಿನ್ನಂಥ ಒಡ್ಡು ಕೈಯಾಕಿಗೂ ಬರತೈತಿ."

ಕೆಲಸ ಏನೋ ಸುಲಭದ್ದೇ. ಕಾಗದವನ್ನು ಒಂದು ತುದಿ ಅಗಲ, ಇನ್ನೊಂದು ತುದಿ ಚೂಪು ಬರುವಂತೆ ಉದ್ದುದ್ದ ಕತ್ತರಿಸಬೇಕು. ಅಗಲದ ಕಡೆಯಿಂದ ಕಸಬರಿಗೆ ಕಡ್ಡಿಗೆ ಬಿಗಿಯಾಗಿ ಸುತ್ತುತ್ತ ಹೋಗಿ, ಚೂಪು ತುದಿಗೆ ಮೈದಾ ಅಂಟು ಹಚ್ಚಿ ಕಡ್ಡಿ ಎಳೆದರೆ ನಡುವೆ ಉಬ್ಬಿದ ಮಣಿ ಸಿದ್ಧ. ದೇವರ ಮುಖ ಇದ್ದ ಹಾಳೆಗೆ ಕತ್ತರಿ ಹಾಕಲು ಅವ್ವ ಬಿಡಲಿಲ್ಲ. ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಗೊಬ್ಬರದ ಅಂಗಡಿಯವರು ಕೊಟ್ಟ ಮೂರು ಕ್ಯಾಲೆಂಡರ್. ನನ್ನ ಮಣಿಗಳು ಮೊದಮೊದಲು ಕೈಬಿಟ್ಟ ಕೂಡಲೆ ಬಿಚ್ಚಿಕೊಳ್ಳುತ್ತಿದ್ದವು. ನಾನು ಸಿಟ್ಟಿಗೆದ್ದು ಅಂಟು ಮೆತ್ತಿದೆ. ಒಂದು ಮಣಿಗೆ ಬೇಕಾದ ಅಂಟಿನಲ್ಲಿ ಒಂದು ಚಪಾತಿ ಆಗುತ್ತಿತ್ತು. ಅಂತೂ ಒಂದೂವರೆ ತಿಂಗಳು ಕೂತು ಏಳುನೂರು ಮಣಿ ಮಾಡಿದೆ, ಪರದೆ ಹೆಣೆದೆ, ಸುತ್ತಿ ಅಟ್ಟದ ಮೇಲೆ ಇಟ್ಟೆ.

ಲಗ್ನಕ್ಕೆ ಹನ್ನೊಂದು ದಿನ ಇದ್ದಾಗ ಅಟ್ಟ ಹತ್ತಿ ನೋಡಿದರೆ ದಾರ ಮಾತ್ರ ಉಳಿದಿತ್ತು. ಇಲಿಗಳು ನನ್ನ ಮೈದಾವನ್ನು ಕಾಗದದ ಸಮೇತ ತಿಂದು ತೇಗಿ ಹೋಗಿದ್ದವು. ನಾನು ಅಟ್ಟದ ಮೇಲೇ ಕೂತು ಜೋರಾಗಿ ಅತ್ತೆ. ಚಿಗವ್ವ ಕೆಳಗಿನಿಂದ ನೋಡಿ ಮೊದಲು ನಕ್ಕಳು, ಆಮೇಲೆ ನಾನು ನಿಜವಾಗಿಯೂ ಅಳುತ್ತಿದ್ದೇನೆ ಎಂದು ತಿಳಿದು ಏಣಿ ಹತ್ತಿ ಬಂದಳು.

"ನನ್ನ ಟ್ರಂಕಿನಾಗ ಬೇಕಾದಷ್ಟು ಸಾಮಾನ ಅದಾವ. ಅವನ್ನ ಇಡೋಣು."

"ನಾ ಮಾಡಿಲ್ಲಲ್ಲ ಚಿಗವ್ವ."

"ಯಾರು ಮಾಡ್ತಾರ ಬೇ? ನಿನಗ ಗೊತ್ತಿದ್ದ ನಾಕು ಮಂದಿ ರುಖವತ ನನ್ನ ಟ್ರಂಕಿನಿಂದ ಎದ್ದು ಹೋಗ್ಯಾವ. ಯಾರರೆ ಕೇಳಿದ್ರ ಮಾತಾಡಾಕ ನಾ ಇದ್ದೇನಿ. ನೀ ಸುಮ್ಮ ತಲಿ ಬಗ್ಗಿಸಿ ನಿಂದರು."

ಬೇಡ ಎಂದು ಜಗಳ ಮಾಡಿದೆ. ಆದರೆ ಬರಿಗೈಲಿ ಹೋದರೆ ಅಪ್ಪನ ಮರ್ಯಾದೆ ಏನಾಗಬೇಕು ಎಂದು ಅವ್ವ ಕಣ್ಣೀರು ಹಾಕಿದಳು. ಕಡೆಗೆ ಹೂಂ ಅಂದೆ. ಅಂದದ್ದಕ್ಕೆ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮನಸ್ಸು ಕೆಟ್ಟಾಗ ನನ್ನ ಕೈ ಒಂದು ಕೆಲಸ ಹುಡುಕುತ್ತದೆ. ಸಣ್ಣವಳಿದ್ದಾಗ ಹೊಲದಲ್ಲಿ ದನ ಕಾಯುತ್ತ ಕಲಿತದ್ದು. ಆ ಹನ್ನೊಂದು ದಿನವೂ ಸಂಜೆ ಹೊತ್ತು ಬಣವೆಯ ಹತ್ತಿರ ಕೂತು ಒಣಗಿದ ಜೋಳದ ದಂಟಿನಲ್ಲಿ ಒಂದು ಬಂಡಿ ಮಾಡಿದೆ. ದಂಟಿನ ಮೇಲಿನ ಸಿಬರು ಸುಲಿದರೆ ಒಳಗೆ ಮೆತ್ತನೆಯ ಬೆಂಡು. ಬೆಂಡು ತುಂಡುಗಳಿಗೆ ಸಿಬರಿನ ಮೊಳೆ ಚುಚ್ಚಿ ಕೂಡಿಸುತ್ತ ಹೋದರೆ ಅಂಟು ಬೇಡ, ಸೂಜಿ ಬೇಡ, ದಾರ ಬೇಡ. ನೊಗ ಮಾಡಿದೆ, ಎರಡು ಎತ್ತು ಮಾಡಿದೆ, ಅವಕ್ಕೆ ಉದ್ದಿನ ಕಾಳಿನ ಕಣ್ಣು ಇಟ್ಟೆ, ಚಹಾಪುಡಿ ಪೊಟ್ಟಣದ ಬೆಳ್ಳಿ ಕಾಗದದಿಂದ ಕೊರಳಿಗೆ ಗಂಟೆ ಕಟ್ಟಿದೆ. ಗಾಲಿಗೆ ಮಾತ್ರ ಬೆಂಡು ತಾಳುವುದಿಲ್ಲ. ಅಪ್ಪನ ಹರಿದ ಹವಾಯಿ ಚಪ್ಪಲಿ ಗುಂಡಗೆ ಕತ್ತರಿಸಿ ಹಾಕಿದೆ. ಎಳೆದರೆ ಬಂಡಿ ಸರ್ರನೆ ಹೋಗುತ್ತಿತ್ತು.

ಚಿಗವ್ವ ಅದನ್ನು ನೋಡಿ ಹೌಹಾರಿದಳು. "ಏ ಹುಚ್ಚಿ, ಲಗ್ನದ ಸಾಮಾನದಾಗ ಚಪ್ಪಲಿ ಇಡ್ತೀ ಏನು?"

ಇಡುವ ಮನಸ್ಸು ನನಗೂ ಇರಲಿಲ್ಲ. ಬಿಟ್ಟು ಹೋಗಲೂ ಮನಸ್ಸಾಗದೆ ಬಂಡಿಯನ್ನು ಒಂದು ಬುಟ್ಟಿಯಲ್ಲಿಟ್ಟು ಮೇಲೆ ಟವೆಲ್ ಮುಚ್ಚಿ ಖಜೂರಿಗೆ ಒಯ್ದೆ.

ಲಗ್ನದ ದಿನ ಬೆಳಿಗ್ಗೆ ಗಂಡಿನ ಮನೆಯ ಮುಂದಿನ ಹಂದರದಲ್ಲಿ ಚಿಗವ್ವ ಮಂಚಕ್ಕೆ ಬಿಳಿ ಚಾದರ ಹಾಸಿ ಟ್ರಂಕಿನ ಸಾಮಾನು ಜೋಡಿಸಿದಳು. ಬುಟ್ಟಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ನಟ್ಟನಡುವೆ ನಿಲ್ಲಿಸಿದ್ದು ಅವಳ ಟ್ರಂಕಿನ ರಾಜ, ಬಳೆಚೂರಿನ ನವಿಲು. ಕಪ್ಪು ಬಟ್ಟೆ ಹೊದಿಸಿದ ಹಲಗೆಯ ಮೇಲೆ ಹಸಿರು, ನೀಲಿ, ಜೇನುಬಣ್ಣದ ನೂರಾರು ಗಾಜಿನ ಬಳೆಚೂರು ಕೂಡಿಸಿ ಗರಿ ಬಿಚ್ಚಿದ ನವಿಲು ಮಾಡಿದ್ದರು. ಕಣ್ಣಿಗೆ ಒಂದು ಗುಲಗಂಜಿ. ಕರಜಗಿಯ ನಾದಿನಿಯಿಂದ ಚಿಗವ್ವನಿಗೆ ಬಂದದ್ದು; ನಾದಿನಿಗೆ ಯಾರು ಕೊಟ್ಟರೋ ಅವಳಿಗೂ ಗೊತ್ತಿಲ್ಲ. ನನಗಿಂತ ಹೆಚ್ಚು ಊರು ನೋಡಿದ ನವಿಲು ಅದು.

ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಹಂದರದ ಮೂಲೆಯಲ್ಲಿ ಬಳೆಗಾರ್ತಿ ಪ್ಯಾರಿಬಿ, ಐವತ್ತರ ಮೇಲಿನ ಹೆಂಗಸು, ಬೀಗರ ಹುಡುಗಿಯರಿಗೆ ಬಳೆ ಇಡುತ್ತಿದ್ದಳು. ಗುರುಬಾಯಿ ಹತ್ತು ಹದಿನೈದು ಹೆಂಗಸರನ್ನು ಕಟ್ಟಿಕೊಂಡು ಮಂಚದ ಹತ್ತಿರ ಬಂದರು. ಹಂಸ ನೋಡಿದರು, ತುಳಸಿಕಟ್ಟೆ ನೋಡಿದರು. ನವಿಲಿನ ಮುಂದೆ ಬಂದವರು ಅಲ್ಲೇ ನಿಂತುಬಿಟ್ಟರು. ಎತ್ತಿದರು. ಹಿಂದೆ ತಿರುಗಿಸಿ ಹಲಗೆಯ ಮೂಲೆಯನ್ನು ಬೆರಳಿನಿಂದ ಸವರಿದರು. ಮುಖದ ಬಣ್ಣ ಹೋಗಿತ್ತು.

"ಇದನ್ನ ಯಾರು ಮಾಡಿದ್ದು?"

"ಮತ್ಯಾರ್ರಿ? ನಮ್ಮ ಶಿವಕಾಂತಾನೇ!" ಚಿಗವ್ವ ಎದೆ ಸೆಟೆಸಿ ನಿಂತಳು. "ಮೂರು ತಿಂಗಳ ಕಣ್ಣು ಕೆಂಪಗ ಮಾಡ್ಕೊಂಡು ಮಾಡ್ಯಾಳ್ರಿ. ಊಟದ ಖಬರು ಇಲ್ಲ, ನಿದ್ದಿ ಖಬರು ಇಲ್ಲ."

ಗುರುಬಾಯಿ ಅವಳ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದರು.

"ನೀ ಹೇಳು."

ಅವರ ಹಿಂದೆ ಸಕ್ಕುಬಾಯಿ ನಿಂತಿದ್ದಳು. ಅವಳ ಕಣ್ಣಿನಲ್ಲಿ ಹೇಳಬೇಡ ಅಂತ ಇತ್ತೋ, ಹೇಳು ಅಂತ ಇತ್ತೋ, ನನಗೆ ತಿಳಿಯಲಿಲ್ಲ. ಹೌದು ಅಂದರೆ ಇವತ್ತು ಬಚಾವಾಗುತ್ತೇನೆ, ನಾಳೆಯಿಂದ ಈ ಹೆಂಗಸಿನ ಕಣ್ಣು ತಪ್ಪಿಸಿ ಬಾಳಬೇಕು. ಇಲ್ಲ ಅಂದರೆ ಹಂದರದಲ್ಲೇ ಲಗ್ನ ನಿಲ್ಲಬಹುದು.

"ನಂದಲ್ರಿ ಅತ್ತಿ," ಅಂದೆ. "ಈ ಮಂಚದ ಮ್ಯಾಲಿಂದು ಒಂದೂ ನಂದಲ್ರಿ. ನಾ ಏಳುನೂರು ಮಣಿ ಮಾಡಿದ್ದೆ, ಇಲಿ ತಿಂದ್ವು. ಇವೆಲ್ಲಾ ಚಿಗವ್ವನ ಟ್ರಂಕಿನವು."

ಚಿಗವ್ವ ಹಣೆ ಚಚ್ಚಿಕೊಂಡಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಂದು ಒಂದೂ ಇಲ್ಲಾ?" ಎಂದು ಮೆಲ್ಲಗೆ ಕೇಳಿದವಳು ಸಕ್ಕುಬಾಯಿ.

"ಒಂದು ಐತ್ರಿ ಅಕ್ಕ. ಆದ್ರ ಇಡೂವಂಥದ್ದಲ್ಲ."

ನನ್ನ ಕಣ್ಣು ಎಲ್ಲಿ ಹೋಯಿತು ಎಂದು ಅವಳು ನೋಡಿಕೊಂಡಿರಬೇಕು. ಬಗ್ಗಿ ಬುಟ್ಟಿ ಎಳೆದು ಬಂಡಿ ಹೊರಗೆ ತೆಗೆದು ನೆಲದ ಮೇಲೆ ಇಟ್ಟಳು.

"ಗಾಲಿ ಯಾತರದವು?" ಯಾರೋ ಕೇಳಿದರು.

"ಅಪ್ಪನ ಹವಾಯಿ ಚಪ್ಪಲದವು."

ಹಂದರದಲ್ಲಿ ನಗೆ ಎದ್ದಿತು. ಕೆಲವರು ಶಿವ ಶಿವಾ ಎಂದರು. ಗುರುಬಾಯಿ ಮಾತ್ರ ನಗಲಿಲ್ಲ, ನವಿಲು ಹಿಡಿದೇ ನಿಂತಿದ್ದರು. ಆಗ ಪಕ್ಕದ ಮನೆಯ ಮುದುಕಿ ನಿಂಬೆವ್ವ ಮುಂದೆ ಬಂದು ಕಣ್ಣು ಕಿರಿದು ಮಾಡಿ ನವಿಲು ನೋಡಿದಳು.

"ಗುರುಬಾಯಿ, ಇದು ನಿನ್ನ ನವಿಲಲ್ಲೇನು! ನಿನ್ನ ರುಖವತದಾಗ ಇಟ್ಟಿದ್ದಿ. ನಿನ್ನ ನಾದಿನಿ ತನ್ನ ಲಗ್ನಕ್ಕಂತ ಒಯ್ದಾಕಿ ತಿರುಗಿ ಕೊಡಲೇ ಇಲ್ಲ. ನೋಡ್ರೇ, ಇಪ್ಪತ್ತೆಂಟು ವರ್ಷಕ್ಕ ಮನೀ ಹುಡುಕ್ಕೊಂಡು ಬಂದೈತಿ!"

ಹೆಂಗಸರೆಲ್ಲ ಹೋ ಎಂದರು. ಎಂಥಾ ಕೈ, ಎಂಥಾ ಜಾಣತನ, ಈಗಿನ ಹುಡುಗಿಯರಿಗೆ ಎಲ್ಲಿ ಬರಬೇಕು ಎಂದು ಹೊಗಳಿಕೆ ಶುರುವಾಯಿತು. ಮೂಲೆಯಲ್ಲಿ ಬಳೆಯ ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ಪ್ಯಾರಿಬಿ ಒಂದು ಹುಡುಗಿಯ ಕೈ ಹಿಡಿದಂತೆಯೇ ಗುರುಬಾಯಿಯನ್ನು ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಸುಮ್ಮನೆ ನೋಡುತ್ತಿದ್ದಳು.

ಗುರುಬಾಯಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು. ಆಮೇಲೆ ಬಂಡಿಯನ್ನು.

"ನಂದಲ್ಲ," ಅಂದರು ಗುರುಬಾಯಿ. "ಪ್ಯಾರಿದು. ಆಕಿ ಅವ್ವ ಬಳಿ ಹೊತ್ತು ಊರೂರು ತಿರಗತಿದ್ದಳು, ನನ್ನ ತವರಿಗೂ ಬರತಿದ್ದಳು. ಬುಟ್ಟಿಯೊಳಗ ಒಡದ ಹೊಸಾ ಬಳಿ ಕೂಡಿಟ್ಟು ಪ್ಯಾರಿ ಇದನ್ನ ಮಾಡ್ಯಾಳ. ನೋಡ್ರಿ, ಒಂದು ಚೂರೂ ಸವದಿಲ್ಲ. ಯಾರೂ ತೊಡದ ಬಳಿ ಇವು. ನನಗ ಏನೂ ಮಾಡಾಕ ಬರತಿರಲಿಲ್ಲ. ಇಸಗೊಂಡು ಬಂದು ನಂದು ಅಂದೆ."

ಪ್ಯಾರಿಬಿ ಎದ್ದು ಸೆರಗು ಕೊಡವಿಕೊಂಡು ಬಂದಳು.

"ಕೊಡೂಮುಂದ ನಾ ನಿನಗ ಏನರೆ ಅಂದಿದ್ನೇನು ಗುರಕ್ಕ? ನನ್ನ ಹೆಸರು ಹೇಳಬ್ಯಾಡ ಅಂತ ನಾ ಅಂದಿರಲಿಲ್ಲ."

"ಅಂದಿರಲಿಲ್ಲ ಪ್ಯಾರಿ."

"ಇರಲಿ ಬಿಡು. ಈಗರೆ ಹೇಳಿದಿ."

ಅವಳು ನಕ್ಕಳು. ಆ ನಗೆ ನೋಡಿ ಗುರುಬಾಯಿಗೆ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಹಿರಿ ಸೊಸೆಯ ಕಡೆ ತಿರುಗಿದರು.

"ಸಕ್ಕು, ಆ ಸೋಲಾಪುರದ ಮಾತು ಇವತ್ತಿಗೆ ಮುಗೀತು. ಇನ್ನೊಮ್ಮೆ ಅಂದ್ರ ನನ್ನ ಬಾಯಿಗೆ ಬೂದಿ ಹಾಕು."

ಸಕ್ಕುಬಾಯಿ ನನ್ನ ಪಕ್ಕಕ್ಕೆ ಬಂದು ನಿಂತು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನನಗೂ ಅಳು ಬಂತು. ಈ ಸಲದ್ದು ಸಂತೋಷದ ಅಳು. ಚಿಗವ್ವ ಯಾರಿಗೂ ಕಾಣದಂತೆ ಟ್ರಂಕಿನ ಹಿಂದೆ ಸರಿದು ಮೂಗು ಒರೆಸಿಕೊಳ್ಳುತ್ತಿದ್ದಳು.

ಗುರುಬಾಯಿ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಂಡಿಗೆ ಬೆರಳು ಹಚ್ಚಿ ದೂಡಿದರು. ಅದು ಸರ್ರನೆ ಓಡಿ ಪ್ಯಾರಿಬಿಯ ಕಾಲಿಗೆ ಹೋಗಿ ತಾಗಿತು.

"ಇದು ನನಗೂ ಬರತೈತೇನು ಬೇ?"

"ಬರತೈತ್ರಿ ಅತ್ತಿ. ಸೂಜಿ ಬೇಕಾಗಿಲ್ಲ."

ಲಗ್ನ ಆಯಿತು. ನವಿಲನ್ನು ವಾಪಸು ಕೊಡಲು ಹೋದರೆ ಪ್ಯಾರಿಬಿ ಬೇಡ ಅಂದಳು. ಇನ್ನೂ ಹುಡುಗಿಯರ ಲಗ್ನ ಆಗಬೇಕಲ್ಲ, ತಿರುಗಲಿ ಅಂದಳು. ಸಕ್ಕುಬಾಯಿ ಹಲಗೆಯ ಹಿಂದೆ ಬಣ್ಣದಲ್ಲಿ ದಪ್ಪಗೆ "ಪ್ಯಾರಿಬಿ, ಖಜೂರಿ" ಎಂದು ಬರೆದಳು. ಚಿಗವ್ವ ಈಗ ಯಾವ ಊರಿಗೆ ಒಯ್ದರೂ ಮೊದಲು ಹಿಂದಿನ ಹೆಸರು ತೋರಿಸಿ, ಆಮೇಲೆ ನವಿಲು ತೋರಿಸುತ್ತಾಳೆ.

ಆ ಸುಗ್ಗಿ ಮುಗಿದ ಮೇಲೆ ನಾನು ಅತ್ತೆಯನ್ನು ಬಣವೆಯ ನೆರಳಿನಲ್ಲಿ ಕೂರಿಸಿಕೊಂಡು ಬಂಡಿ ಕಲಿಸಿದೆ. ಅವರ ಕೈ ನನ್ನ ಕೈಗಿಂತಲೂ ಒಡ್ಡು. ಇಪ್ಪತ್ತು ದಂಟು ಮುರಿದು, ಮಾವನ ಒಳ್ಳೆಯ ಚಪ್ಪಲಿಗೇ ಕತ್ತರಿ ಹಾಕಿ, ನಾಲ್ಕು ದಿನಕ್ಕೆ ಒಂದು ಬಂಡಿ ಮುಗಿಸಿದರು. ಒಂದು ಎತ್ತು ದೊಡ್ಡದು, ಒಂದು ಸಣ್ಣದು. ಗಾಲಿ ಎಡಕ್ಕೆ ವಾಲುತ್ತದೆ, ದೂಡಿದರೆ ಗೋಡೆಗೇ ಹೋಗಿ ಗುದ್ದುತ್ತದೆ. ಅದು ಈಗಲೂ ನಮ್ಮ ಪಡಸಾಲೆಯ ಗೂಡಿನಲ್ಲಿದೆ. ಯಾರೇ ಬರಲಿ, ನೀರು ಕೊಡುವ ಮೊದಲೇ ಅತ್ತೆ ಅದನ್ನು ಎರಡೂ ಕೈಲಿ ಎತ್ತಿಕೊಂಡು ಬಂದು ಮುಂದೆ ಇಡುತ್ತಾರೆ.

"ನೋಡ್ರಿ," ಅನ್ನುತ್ತಾರೆ, "ಇದು ನಾನೇ ಮಾಡಿದ್ದು."