ಸಹಕರಿಸದ ಒಂಬತ್ತು ಇಲಿಗಳು

ನಿರ್ದೇಶಕರ ಕೋಣೆಯ ಗೋಡೆಯ ಮೇಲೆ ಒಂದು ಇಲಿಯ ತೊಡೆಯ ಚಿತ್ರವಿತ್ತು. ಮದುವೆ ಫೋಟೋಗೆ ಹಾಕಿಸುವಂಥ ಚಿನ್ನದ ಬಣ್ಣದ ಕಟ್ಟು, ಕೆಳಗೆ 'ಶೇಕಡಾ ಇಪ್ಪತ್ತಾರು' ಎಂಬ ದಪ್ಪಕ್ಷರ. ಔಷಧ ಪಡೆದ ಇಲಿಯ ಸ್ನಾಯು ಅಷ್ಟು ತೂಕ ಏರಿಸಿಕೊಂಡಿತ್ತು. ಬಂದವರು ಆ ತೊಡೆಗೆ ತಲೆಬಾಗಿಯೇ ಕೂರಬೇಕು. ಕುರ್ಚಿ ಅದರ ಕೆಳಗೇ ಇತ್ತು.

ಆ ತೊಡೆಯ ಹಿಂದೆ ಒಬ್ಬಳು ವಿಜ್ಞಾನಿಯ ಹನ್ನೊಂದು ವರ್ಷದ ದುಡಿಮೆಯಿತ್ತು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಸವೆದ ಪ್ರೋಟೀನನ್ನು ಹಿಡಿದು ಬೆನ್ನಿಗೆ ಚೀಟಿ ಅಂಟಿಸುವ ಒಂದು ಇಲಾಖೆಯಿದೆ, ಚೀಟಿ ಬಿದ್ದದ್ದನ್ನು ಪುಡಿಮಾಡುವ ಗಿರಣಿಯಿದೆ, ಆ ಪುಡಿಯಿಂದ ಹೊಸತು ಕಟ್ಟುವವರಿದ್ದಾರೆ. ಕೆಲವು ಕಾಯಿಲೆಗಳಲ್ಲಿ ಚೀಟಿ ಅಂಟಿಸುವವನಿಗೆ ತಲೆ ಕೆಡುತ್ತದೆ. ಚೆನ್ನಾಗಿ ದುಡಿಯುತ್ತಿರುವುದಕ್ಕೂ ಚೀಟಿ ಬೀಳುತ್ತದೆ, ಅದೂ ಗಿರಣಿಗೆ ಹೋಗುತ್ತದೆ, ಮನುಷ್ಯ ಕರಗುತ್ತಾನೆ. ಅವಳ ಔಷಧ ಆ ಅಂಟಿಸುವ ಕೈಯನ್ನೇ ಕಟ್ಟಿಹಾಕುತ್ತಿತ್ತು.

ಅವಳ ತಮ್ಮ ಹಾಗೆ ಕರಗುತ್ತಿದ್ದ. ಬಾಗಿಲ ಚೌಕಟ್ಟು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತುತ್ತಿದ್ದ ಬಡಗಿ. ಈಗ ಚಮಚ ಎತ್ತಲು ಎರಡು ಕೈ ಬೇಕು. ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ಬೇರೆ ವೈದ್ಯರು ಆರಿಸಿದ ಹನ್ನೆರಡು ಮಂದಿಯಲ್ಲಿ ಅವನೂ ಒಬ್ಬ. ಗುರುವಾರ ಸಮಿತಿ ಒಪ್ಪಿದರೆ ಸೋಮವಾರ ಸೂಜಿ.

ಮಂಗಳವಾರ ಬೆಳಿಗ್ಗೆ ಅವಳು ಇಲಿಮನೆಗೆ ಹೋದಾಗ, ಇಪ್ಪತ್ತು ವರ್ಷದಿಂದ ಪಂಜರ ತೊಳೆಯುತ್ತ, ಇಪ್ಪತ್ತು ವರ್ಷದಿಂದ 'ತಾತ್ಕಾಲಿಕ' ನೌಕರಳಾಗಿಯೇ ಉಳಿದ ಇಲಿಯಮ್ಮ ದಪ್ಪನೆಯ ಇಲಿಯೊಂದನ್ನು ಅಂಗೈಯಲ್ಲಿ ಹಿಡಿದು ತಲೆಯೆತ್ತದೆ ಕೇಳಿದಳು:

"ಈ ಗುಂಡಣ್ಣನನ್ನು ಈ ಸಲವೂ ಹಾಗೇ ಬರೀಲಾ ಮೇಡಂ?"

"ಹಾಗೇ ಅಂದ್ರೆ?"

"'ಸಹಕರಿಸಲಿಲ್ಲ' ಅಂತ."

ಬಲದ ಪರೀಕ್ಷೆ ಸರಳ. ಇಲಿಯನ್ನು ತಂತಿಬಲೆಯ ಮೇಲೆ ಬಿಟ್ಟು ಬಲೆಯನ್ನು ತಲೆಕೆಳಗು ಮಾಡುವುದು. ಎಷ್ಟು ಸೆಕೆಂಡು ಜೋತಾಡಿತೆಂದು ಬರೆಯುವುದು. ಮೂರು ಸಲವೂ ಐದು ಸೆಕೆಂಡಿನೊಳಗೆ ಬಿದ್ದದ್ದು ಸೋಮಾರಿ, ಪರೀಕ್ಷೆಗೆ ಮನಸ್ಸು ಕೊಡುತ್ತಿಲ್ಲ. ಅದನ್ನು ಲೆಕ್ಕದಿಂದ ಬಿಡುವುದು. ಆ ನಿಯಮವನ್ನು ಮೊದಲ ವರ್ಷ ವಿಜ್ಞಾನಿಯೇ ಬರೆದು ಗೋಡೆಗೆ ಅಂಟಿಸಿದ್ದಳು.

"ಸಹಕರಿಸಲಿಲ್ಲ ಅಂತೀರಿ. ಪಾಪ, ಅದಕ್ಕೆ ಆಗ್ತಾ ಇಲ್ಲ," ಎಂದಳು ಇಲಿಯಮ್ಮ. "ಸೊಂಟ ಹಿಡ್ಕೊಂಡು ನಾಲ್ಕು ದಿನ ರಜ ಕೇಳಿದ್ದಕ್ಕೆ ನನ್ನ ಫೈಲಲ್ಲೂ ಇದನ್ನೇ ಬರೆದ್ರು ನಿಮ್ಮ ಆಫೀಸಿನವರು."

"ಯಾವಾಗಿಂದ ಗೊತ್ತು ನಿಮಗೆ?"

"ಮೂರು ವರ್ಷ ಆಯ್ತು."

"ಹೇಳಬಾರದಿತ್ತಾ?"

"ನೀವು ಸೆಕೆಂಡು ಕೇಳಿದ್ರಿ, ಸೆಕೆಂಡು ಕೊಟ್ಟೆ. ಅಭಿಪ್ರಾಯ ಯಾವತ್ತು ಕೇಳಿದ್ರಿ?"

ವಿಜ್ಞಾನಿ ಇಲಿಕಾಳಿನ ಮೂಟೆಯ ಮೇಲೆ ಕೂತು ರಿಜಿಸ್ಟರು ತೆರೆದಳು. ಔಷಧ ಕೊಟ್ಟ ಇಪ್ಪತ್ನಾಲ್ಕರಲ್ಲಿ 'ಸಹಕರಿಸದವು' ಒಂಬತ್ತು. ಕೊಡದ ಇಪ್ಪತ್ನಾಲ್ಕರಲ್ಲಿ ಒಂದೇ ಒಂದು. ಅದೂ ಇಲಿಯಮ್ಮನ ಬೆರಳು ಕಚ್ಚಿ ಓಡಿಹೋದದ್ದು. ಆ ಒಂಬತ್ತೇ ಎಲ್ಲಕ್ಕಿಂತ ದಪ್ಪಗಿದ್ದವು. ಬಲ ಹೆಚ್ಚಿತು ಎಂದು ಅವಳು ಬರೆದದ್ದು ಮಿಕ್ಕ ಹದಿನೈದನ್ನು ನೋಡಿ.

ತೊಡೆ ಬೆಳೆದಿರಲಿಲ್ಲ, ಕಸ ತುಂಬಿ ಉಬ್ಬಿತ್ತು. ಚೀಟಿ ಅಂಟಿಸುವ ಕೈ ಕಟ್ಟಿದ ಮೇಲೆ ಸವೆದವು ಹೊರಗೆ ಹೋಗುವುದಾದರೂ ಹೇಗೆ? ನಿವೃತ್ತರಾಗಬೇಕಾದವರೆಲ್ಲ ಕುರ್ಚಿ ಬಿಡದ ಕಚೇರಿಯಂತೆ: ಕೋಣೆ ಭರ್ತಿ, ಕೆಲಸ ಸೊನ್ನೆ.

ಮೂರನೆಯ ಸಲ ಅವಧಿ ವಿಸ್ತರಿಸಿಕೊಂಡಿದ್ದ ನಿರ್ದೇಶಕರಿಗೆ ಈ ಹೋಲಿಕೆ ಹಿಡಿಸಲಿಲ್ಲ.

"ನಿಯಮ ನಿಮ್ಮದೇ ತಾನೇ ಡಾಕ್ಟರೇ?"

"ನನ್ನದೇ ಸಾರ್. ತಪ್ಪೂ ನನ್ನದೇ."

"ಹಾಗಾದ್ರೆ ಬಾಯಿ ಮುಚ್ಕೊಂಡಿರಿ. ಒಂಬತ್ತು ಸೋಮಾರಿ ಇಲಿಗಳಿಗೋಸ್ಕರ ನಿಮ್ಮ ತಮ್ಮನ ಕೊನೇ ದಾರಿ ಮುಚ್ತೀರಾ?"

ಎಲ್ಲಿ ಚುಚ್ಚಬೇಕೆಂದು ಆ ಮನುಷ್ಯನಿಗೆ ಗೊತ್ತಿತ್ತು. ಅವಳು ಎರಡು ದಿನ ಮನೆಯಲ್ಲಿ ತಮ್ಮನ ಮುಖ ನೋಡದೆ ಅನ್ನ ಕಲಸಿಕೊಟ್ಟಳು. ಅವನು ಸೋಮವಾರಕ್ಕೆಂದು ಕ್ಷೌರ ಮಾಡಿಸಿಕೊಂಡು ಕೂತಿದ್ದ.

ಗುರುವಾರ ಸಮಿತಿಯಲ್ಲಿ ಏಳು ಮಂದಿ, ಎರಡು ತಟ್ಟೆ ಬಿಸ್ಕತ್ತು. ವಿಜ್ಞಾನಿಯ ಹಿಂದೆಯೇ ಇಲಿಯಮ್ಮ ಪಂಜರ ಹಿಡಿದು ಬಂದಳು.

"ಯಾರು ಇದನ್ನೆಲ್ಲ ಒಳಗೆ ಬಿಟ್ಟಿದ್ದು?" ಎಂದರು ನಿರ್ದೇಶಕರು.

"ಇಲಿಗೆ ಅಂದ್ರಾ ಸಾರ್, ನನಗಾ?" ಎಂದಳು ಇಲಿಯಮ್ಮ.

ಔಷಧ ಕಾಣದ ನರಪೇತಲ ಇಲಿಯೊಂದು ಮೇಜಿನ ಮೇಲೆ ಹಿಡಿದ ಬಲೆಗೆ ಒಂದಿಡೀ ನಿಮಿಷ ಜೋತಾಡಿತು. ಆಮೇಲೆ ಗುಂಡಣ್ಣ. ಎರಡು ಸೆಕೆಂಡಿಗೆ ಧೊಪ್ಪೆಂದು ಬಿಸ್ಕತ್ತಿನ ತಟ್ಟೆಗೆ ಬಿದ್ದ. ಮತ್ತೆ ಎತ್ತಿದರು, ಮತ್ತೆ ಬಿದ್ದ. ಮೂರನೆಯ ಸಲ ತಂತಿಯನ್ನು ಹಲ್ಲಿನಿಂದಲೂ ಕಚ್ಚಿ ನೋಡಿದ. ಅದಕ್ಕಿಂತ ಹೆಚ್ಚು ಸಹಕಾರ ಯಾವ ಪ್ರಾಣಿ ತಾನೇ ಕೊಡಬಲ್ಲದು?

"ಇದು ಪ್ರಯೋಗದ ಶಿಸ್ತಲ್ಲ," ನಿರ್ದೇಶಕರ ದನಿ ಏರಿತು. "ಆ ಪ್ರಾಣಿ ಸಹಕರಿಸ್ತಾ ಇಲ್ಲ!"

"ನೀವು ಸಹಕರಿಸಿ ಸ್ವಲ್ಪ. ಕೂತ್ಕೊಳ್ಳಿ," ಎಂದರು ಸಮಿತಿಯ ಅಧ್ಯಕ್ಷೆ. "ಎಲ್ಲಿದೆಯಮ್ಮಾ ಇವುಗಳ ರಿಜಿಸ್ಟರು?"

ವಿಜ್ಞಾನಿ ತನ್ನ ನಿಯಮವನ್ನೂ ಆ ಒಂಬತ್ತರ ಸಂಖ್ಯೆಗಳನ್ನೂ ತಾನೇ ಗಟ್ಟಿಯಾಗಿ ಓದಿದಳು. ಅರ್ಧ ಗಂಟೆಯಲ್ಲಿ ಸೋಮವಾರದ ಪ್ರಯೋಗ ನಿಂತಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. ತಮ್ಮ ಗಾಲಿಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದ.

"ನಿಲ್ಲಿಸಿದ್ದು ಯಾರು?"

"ನಾನೇ ಕಣೋ."

"ದರಿದ್ರದವಳೇ. ಆರು ತಿಂಗಳು ದಪ್ಪಗಾದ್ರೂ ಕಾಣ್ತಿದ್ದೆ."

"ದಪ್ಪಗೆ ಕಾಣ್ತಿದ್ದೆ. ಈಗ ಎತ್ತೋ ಚಮಚಾನೂ ಎತ್ತೋಕಾಗ್ತಿರಲಿಲ್ಲ."

ಅವನು ಗೋಡೆಯ ಕಡೆ ಕತ್ತು ಹೊರಳಿಸಿದ. ಅವಳು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಸಮಾಧಾನ ಹೇಳಿದ್ದರೆ ಅವನು ಉಗಿಯುತ್ತಿದ್ದ.

"ಮುಂದೇನು?" ಅವನು ಗೋಡೆಗೇ ಕೇಳಿದ.

"ಚೀಟಿ ಅಂಟಿಸೋ ಕೈ ಪೂರ್ತಿ ಕಟ್ಟಬಾರದು. ಅರ್ಧ ಸಡಿಲ ಬಿಟ್ಟು ನೋಡ್ಬೇಕು. ಮತ್ತೆ ಇಲಿಯಿಂದಲೇ ಶುರು."

"ಎಷ್ಟು ವರ್ಷ?"

"ಮೂರು. ನಾಲ್ಕೂ ಆಗಬಹುದು."

"ನಾನಿರ್ತೀನಾ?"

"ಗೊತ್ತಿಲ್ಲ," ಎಂದಳು.

ಅವನು ಕುರ್ಚಿ ತಿರುಗಿಸಲು ನೋಡಿದ, ಆಗಲಿಲ್ಲ. ಅವಳೇ ತಿರುಗಿಸಿದಳು. ಅವನ ಕಣ್ಣು ಕೆಂಪಾಗಿತ್ತು, ಬಾಯಿ ಮಾತ್ರ ಎಂದಿನಂತೆಯೇ ಇತ್ತು.

"ಸರಿ, ಎತ್ತು ನನ್ನನ್ನ. ಬಚ್ಚಲಿಗೆ ಹೋಗ್ಬೇಕು. ನಿನ್ನ ವಿಜ್ಞಾನ ಬರೋವರೆಗೂ ಕಾದ್ರೆ ಚಡ್ಡಿಯಲ್ಲೇ ಆಗುತ್ತೆ."

ಅವಳು ಕಂಕುಳಿಗೆ ಕೈ ಕೊಟ್ಟು ಎತ್ತಿದಳು.