ನಿಲ್ಲುವವರ ಪ್ಯಾಂಟು

ನನ್ನ ಗಂಡ ಎಮ್ಲಿನ್ ಕೈ ಬಿಚ್ಚಿ ಖರ್ಚು ಮಾಡುವ ಆಸಾಮಿಯಲ್ಲ. ಹುಲ್ಲಿನ ಹೊರೆ ಕಟ್ಟುವ ಪ್ಲಾಸ್ಟಿಕ್ ಹುರಿಯನ್ನೇ ಸೊಂಟಕ್ಕೆ ಬಿಗಿದುಕೊಂಡು ಪ್ರಾರ್ಥನೆಗೆ ಚಾಪೆಲ್ಲಿಗೆ ಬೇಕಾದರೂ ಬಂದಾನು. ಅಂಥವನು ಅಕ್ಟೋಬರಿನ ಒಂದು ಬೆಳಿಗ್ಗೆ ಟೋಸ್ಟು ತಿನ್ನುತ್ತಾ, "ಗ್ಲೆನಿಸ್, ಈ ಸಲ ನಿನಗೊಂದು ಒಳ್ಳೆ ವಾಟರ್‌ಪ್ರೂಫ್ ಪ್ಯಾಂಟು ಕೊಡಿಸ್ತೀನಿ ಕಣೇ," ಎಂದ. ಇದರಲ್ಲಿ ಏನೋ ಇದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡ ತಾನಾಗಿಯೇ ಏನೋ ಕೊಡಿಸುತ್ತೇನೆ ಎಂದರೆ ಯಾವ ಹೆಂಗಸಿನ ಬುದ್ಧಿ ನೆಟ್ಟಗಿರುತ್ತದೆ ಹೇಳಿ.

ಪ್ಯಾಂಟು ಬೇಕಾಗಿದ್ದದ್ದೇನೋ ನಿಜ. ಚಳಿಗಾಲದ ಶನಿವಾರಗಳಲ್ಲಿ ನಾವಿಬ್ಬರೂ ಬೆಟ್ಟದ ಮೇಲಿನ ಎಸ್ಟೇಟಿಗೆ ಹಳು ಸೋವಲು ಹೋಗುತ್ತೇವೆ. ಕೋಲು ಹಿಡಿದು ಸಾಲಾಗಿ ನಡೆಯುತ್ತಾ, ಪೊದೆ ಪೊದೆ ಬಡಿದು, ಒಳಗೆ ಅಡಗಿದ ಫೆಸೆಂಟ್ ಹಕ್ಕಿಗಳನ್ನು ಎಬ್ಬಿಸಿ, ಕೆಳಗೆ ಕಣಿವೆಯಲ್ಲಿ ಕಾದು ನಿಂತ ಬಂದೂಕಿನವರ ತಲೆಯ ಮೇಲೆ ಹಾರಿಸುವುದು ನಮ್ಮ ಕೆಲಸ. ಬಂದೂಕಿನವರು ಲಂಡನ್ನಿನಿಂದ ಬರುತ್ತಾರೆ. ಅವರ ಕಾಲುಚೀಲಕ್ಕೆ ಕೆಂಪು ಕುಚ್ಚು ಬೇರೆ. ನಿಂತಲ್ಲೇ ನಿಂತು ಢಂ ಢಂ ಎನ್ನಿಸಿ, ಅರ್ಧಕ್ಕರ್ಧ ಗುರಿ ತಪ್ಪಿಸಿ, ಭಾರಿ ಕೆಲಸ ಮಾಡಿದವರಂತೆ ಊಟಕ್ಕೆ ಹೋಗುತ್ತಾರೆ. ಅದನ್ನೂ ಬೇಟೆ ಅನ್ನುತ್ತಾರಲ್ಲ, ಥೂ! ನಿಜವಾದ ಬೇಟೆ ಏನಿದ್ದರೂ ಸಾಲಿನಲ್ಲಿದೆ.

ಆ ಸಾಲಿನಲ್ಲಿ ಎಮ್ಲಿನ್‌ನ ಎಡಗಡೆಯ ಜಾಗ ನನ್ನದು. ಮದುವೆಯಾದ ವರ್ಷದ ಚಳಿಗಾಲದಿಂದ ನನ್ನದು. ವಾರವಿಡೀ ನಾನು ಯಾರದೋ ತಾಯಿ, ಯಾರದೋ ಅಜ್ಜಿ, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಹೆಂಗಸು. ಶನಿವಾರ ಮಾತ್ರ ಗಂಟಲು ಹರಿಯುವ ಹಾಗೆ ಕಿರುಚಬಹುದು, ಯಾರೂ ಏನೂ ಅನ್ನುವುದಿಲ್ಲ. ಮುಳ್ಳಿನ ಮಧ್ಯದಿಂದ ಗಂಡು ಹಕ್ಕಿಯೊಂದು ಭರ್ರೆಂದು ಮುಖದ ಮುಂದೆಯೇ ಎದ್ದಾಗ ನನ್ನ ಎದೆ ಈಗಲೂ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತದೆ. ಆ ಜಾಗ ಹೋದರೆ ನನಗೆ ಚಳಿಗಾಲವೇ ಬೇಡ.

ಸಾಲಿಗೆ ಆಗದವರನ್ನು ತಡೆಗೆ ನಿಲ್ಲಿಸುತ್ತಾರೆ. ಬೇಲಿಯ ಮೂಲೆಯಲ್ಲಿ ಒಬ್ಬರೇ ನಿಂತು, ಹಕ್ಕಿಗಳು ಆ ಕಡೆಯಿಂದ ಓಡಿಹೋಗದ ಹಾಗೆ ಕಂಬಕ್ಕೆ ಕೋಲಿನಿಂದ ಟಕ್ ಟಕ್ ಎನ್ನಿಸುತ್ತಿರುವುದು, ಅಷ್ಟೇ. ಕೆಲಸ ಬೇಕಾದದ್ದೇ, ಇಲ್ಲವೆನ್ನುವುದಿಲ್ಲ. ಆದರೆ ತಡೆಗೆ ಹೋದವರು ಮತ್ತೆ ಸಾಲಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಪಕ್ಕದ ಫಾರ್ಮಿನ ಮೆಗನ್ ಒಂದು ವರ್ಷ ತಡೆಗೆ ನಿಂತಳು. ಮಾರನೆಯ ವರ್ಷ ಮನೆಯಲ್ಲೇ ಉಳಿದು ಟೀವಿ ನೋಡಿದಳು.

ಇರಲಿ, ಪ್ಯಾಂಟಿನ ವಿಷಯಕ್ಕೆ ಬರುತ್ತೇನೆ. ಪೇಟೆಯ ರೈತರ ಅಂಗಡಿಯಲ್ಲಿ ಬೆಥನ್ ಇದ್ದಳು, ನನ್ನ ಮಗಳ ಜೊತೆ ಓದಿದವಳು. ಮೊದಲು ಹೆಂಗಸರದ್ದು ಎಂದು ಒಂದು ತೆಗೆದಳು. ತೆಳ್ಳಗೆ, ಮಿರಿಮಿರಿ, ನೇರಳೆ ಬಣ್ಣದ ಜಿಪ್ಪು. ಜೇಬಿಗೆ ಕೈ ಹಾಕಲು ಹೋದರೆ ಅದು ಜೇಬೇ ಅಲ್ಲ, ಬರೀ ಹೊಲಿಗೆ.

"ಇದನ್ನ ಹಾಕ್ಕೊಂಡು ಮುಳ್ಳೊಳಗೆ ಹೋದ್ರೆ ನಾನೊಂದು ಕಡೆ ಬರ್ತೀನಿ, ಪ್ಯಾಂಟೊಂದು ಕಡೆ ಬರತ್ತೆ," ಎಂದೆ. "ಯಾರಮ್ಮಾ ಇದನ್ನ ಹೊಲಿದೋರು? ಮುಳ್ಳು ನೋಡಿದಾರಾ ಜನ್ಮದಲ್ಲಿ?"

"ಇದು ತುಂಬಾ ಹೋಗತ್ತೆ ಆಂಟಿ, ನಾಯಿ ಜೊತೆ ವಾಕಿಂಗ್ ಹೋಗೋರು ತಗೋತಾರೆ."

"ನಾಯಿಗೇ ಹಾಕ್ಲಿ."

ಎರಡನೆಯದು ಹಸಿರು ಬಣ್ಣದ್ದು, ಗಟ್ಟಿ. ಆದರೆ ಹೆಜ್ಜೆ ಇಟ್ಟರೆ ಚಿಪ್ಸ್ ಪೊಟ್ಟಣ ಹಿಸುಕಿದ ಹಾಗೆ ಚರಪರ ಸದ್ದು. ಅದನ್ನು ಹಾಕಿಕೊಂಡು ಕಾಡಿಗೆ ಕಾಲಿಟ್ಟರೆ ಹಕ್ಕಿ ಹಾಗಿರಲಿ, ಬಂದೂಕಿನವರೇ ಹಾರಿಹೋಗುತ್ತಾರೆ. ಮೂರನೆಯದು ನನಗೆ ಒಪ್ಪಿಗೆಯಾಯಿತು. ತೊಡೆಗೂ ಮಂಡಿಗೂ ಎರಡು ಪದರದ ಬಟ್ಟೆ, ಒಳಗೆ ಏನೂ ತುಂಬಿಲ್ಲ, ಸದ್ದಿಲ್ಲ, ಬೂಟು ಬಿಚ್ಚದೆ ಏರಿಸಿಕೊಳ್ಳಲು ಪಕ್ಕದಲ್ಲಿ ಮಂಡಿಯವರೆಗೆ ಜಿಪ್ಪು. ಕೋಳಿ ಆಹಾರದ ಮೂಟೆಗಳ ಮೇಲೆ ಕಾಲಿಟ್ಟು ಗೇಟು ಹತ್ತುವ ಹಾಗೆ ಹತ್ತಿ ನೋಡಿದೆ. ಎಲ್ಲೂ ಹಿಡಿಯಲಿಲ್ಲ.

"ಇದೇ ಸಾಕು ನನಗೆ," ಎಂದೆ.

ಎಮ್ಲಿನ್ ಅಷ್ಟರಲ್ಲಿ ಹಿಂದಿನ ಗೋಡೆಯಿಂದ ಇನ್ನೊಂದನ್ನು ಎಳೆದುಕೊಂಡು ಬಂದಿದ್ದ. ಪ್ಯಾಂಟಲ್ಲ ಅದು, ಹಾಸಿಗೆ. ಒಳಗೆಲ್ಲ ದಪ್ಪ ಹತ್ತಿ, ಪಕ್ಕೆಲುಬಿನವರೆಗೆ ಎತ್ತರ, ಹೆಗಲಿಗೆ ಪಟ್ಟಿ, ಕುಂಡಿಗೆ ಬೇರೆ ಮೆತ್ತೆ.

"ಇದರಲ್ಲಿ ನಡೆದ್ರೆ ನನ್ನ ಬೆವರಲ್ಲೇ ನಾನು ಬೆಂದು ಹೋಗ್ತೀನಿ ಕಣೋ."

"ನಡೆಯೋ ಮಾತು ಬಿಡೇ. ಸುಮ್ನೆ ನಿಂತು ನೋಡು. ಗಾಳಿ ತಾಗತ್ತಾ?"

"ನಿಂತ್ಕೊಳ್ಳೋಕೆ ನಾನೇನು ದೀಪದ ಕಂಬಾನಾ?"

ಬೆಥನ್ ನಕ್ಕಳು. ಎಮ್ಲಿನ್ ನಗಲಿಲ್ಲ. "ಸಾಯೋವರೆಗೂ ಬರತ್ತೆ ಇದು," ಎಂದ.

"ಯಾರು ಸಾಯೋವರೆಗೆ?"

ಅವನು ಕೌಂಟರಿಗೆ ಹೋಗಿ ಆ ಹಾಸಿಗೆಗೇ ದುಡ್ಡು ಕಟ್ಟಿಬಿಟ್ಟ. ಎಮ್ಲಿನ್, ದುಡ್ಡು, ಅದೂ ಚೌಕಾಸಿ ಮಾಡದೆ! ಬೇಡವೆನ್ನಲು ಮನಸ್ಸಾಗಲಿಲ್ಲ ನನಗೆ. ಹೋದ ವರ್ಷ ನಾನು ಹಳ್ಳದಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದೆ. ಅದು ನೆನಪಿಟ್ಟುಕೊಂಡಿದ್ದಾನೆ ಪಾಪ, ಬೆಚ್ಚಗಿರಲಿ ಅಂತ ಆಸೆ, ಎಂದುಕೊಂಡೆ. ಕಾರಿನಲ್ಲಿ ಅವನ ಮಂಡಿಯ ಮೇಲೆ ಕೈ ಇಟ್ಟು ಕೂತಿದ್ದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನವೆಂಬರಿನ ಮೊದಲ ಬೇಟೆಯ ದಿನ ಮಳೆ ಜಡಿಯುತ್ತಿತ್ತು. ಎಸ್ಟೇಟಿನ ಅಂಗಳದಲ್ಲಿ ಎಲ್ಲರೂ ಬೇಕನ್ ತುಂಬಿದ ಬನ್ನು ತಿನ್ನುತ್ತಾ ನಿಂತಿದ್ದರು. ನಮ್ಮ ಸಾಲಿನ ಬಾಯಿಬಡುಕ ಇಡ್ವಾಲ್ ನನ್ನನ್ನು ನೋಡಿದವನೇ, "ಏನ್ ಗ್ಲೆನಿಸ್, ಚಂದ್ರಲೋಕಕ್ಕೆ ಹೊರಟ್ಯಾ?" ಎಂದ.

"ನಿನ್ನ ಮುಖ ನೋಡೋಕಿಂತ ಅದೇ ವಾಸಿ," ಎಂದೆ.

ಬೇಟೆ ಕಾವಲುಗಾರ ರೋದ್ರಿ ಬಂದ. ಹಕ್ಕಿಗಳನ್ನು ಮರಿಯಿಂದ ಸಾಕಿ ಕಾಡಿಗೆ ಬಿಟ್ಟವನು ಅವನು, ಬೇಟೆಯ ದಿನ ಅವನು ಹೇಳಿದ್ದೇ ಕಾನೂನು. ಮೂಗು ಸೋರಿಸಿಕೊಂಡು ಓಡಾಡುತ್ತಿದ್ದಾಗಿನಿಂದ ನೋಡಿದ್ದೇನೆ, ಆ ಮಾತು ಬೇರೆ. ಒಬ್ಬೊಬ್ಬರಿಗೂ ಜಾಗ ಹೇಳುತ್ತಾ ಬಂದವನು ನನ್ನ ಮುಂದೆ ನಿಂತು ತನ್ನ ಬೂಟು ನೋಡಿಕೊಂಡ.

"ಆಂಟಿ, ನೀವು ಕೆಳಗಡೆ ಬೇಲಿ ಮೂಲೇಲಿ ತಡೆಗೆ."

"ಯಾರು?"

"ನೀವೇ. ನೀವೇ ಕೇಳಿದ್ರಂತಲ್ಲ? ಎಮ್ಲಿನ್ ಅಂಕಲ್ ಹೇಳಿದ್ರು."

ಎಮ್ಲಿನ್ ಅಷ್ಟು ದೂರದಲ್ಲಿ ನಮ್ಮ ನಾಯಿಯ ಕಿವಿಯಲ್ಲಿ ಏನನ್ನೋ ಹುಡುಕುತ್ತಿದ್ದ. ಇಪ್ಪತ್ತು ಜನರ ಮುಂದೆ, ಬಂದೂಕಿನವರ ಮುಂದೆ, ಬೇಟೆಯ ಬೆಳಿಗ್ಗೆ ಕಾವಲುಗಾರನ ಜೊತೆ ಜಗಳಕ್ಕೆ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಕೋಲು ತೆಗೆದುಕೊಂಡು ಹೋಗಿ ನಿಂತೆ.

ನಿಂತೆ, ಟಕ್ ಟಕ್ ಬಡಿದೆ. ಮಳೆ ಮುಖಕ್ಕೆ ರಾಚುತ್ತಿತ್ತು, ಕಾಲು ಮಾತ್ರ ಒಲೆಯ ಮುಂದೆ ಕೂತ ಹಾಗೆ ಬೆಚ್ಚಗಿತ್ತು. ಒಂದು ಹನಿ ಒಳಗೆ ಬರಲಿಲ್ಲ. ಕುಂಡಿಯ ಮೆತ್ತೆ ಕೂಡ ಬೇಲಿಯ ಕಂಬಕ್ಕೆ ಒರಗಿಕೊಳ್ಳಲು ಸರಿಯಾಗಿ ಹೊಂದಿತು. ಆಗ ಅರ್ಥವಾಯಿತು ನೋಡಿ. ಅವನು ಅಂಗಡಿಯಲ್ಲಿ ಆರಿಸಿದ್ದು ನಡೆಯುವವರ ಪ್ಯಾಂಟಲ್ಲ, ನಿಲ್ಲುವವರ ಪ್ಯಾಂಟು. ನನ್ನನ್ನು ಇಲ್ಲಿ ನಿಲ್ಲಿಸುವುದೆಂದು ಟೋಸ್ಟು ತಿನ್ನುವಾಗಲೇ ತೀರ್ಮಾನವಾಗಿತ್ತು.

ಕಳ್ಳ, ಎಂದುಕೊಂಡೆ. ಆಮೇಲೆ, ಹೋಗಲಿ, ಎಂದೂ ಅಂದುಕೊಂಡೆ. ನಾನು ಹಳ್ಳದಲ್ಲಿ ಬಿದ್ದ ದಿನ ಅವನ ಮುಖ ಸುಣ್ಣ ಬಳಿದ ಹಾಗಾಗಿತ್ತು. ಹೆದರಿದ್ದಾನೆ, ಹೇಳಲು ಧೈರ್ಯವಿಲ್ಲದೆ ಹೀಗೆ ಮಾಡಿದ್ದಾನೆ. ಪೆದ್ದ ಗಂಡಸು ಪ್ರೀತಿಯನ್ನೂ ಪೆದ್ದುಪೆದ್ದಾಗಿಯೇ ತೋರಿಸುತ್ತಾನೆ. ಸಂಜೆ ಮನೆಯಲ್ಲಿ ಚೆನ್ನಾಗಿ ಬೈದು, ಮುಂದಿನ ವಾರ ಸಾಲಿಗೆ ಮರಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಆ ಸುತ್ತು ಮುಗಿದ ಮೇಲೆ ರೋದ್ರಿ ನನ್ನನ್ನು ಕರೆದೊಯ್ಯಲು ತಾನೇ ಬಂದ. "ಬೇಜಾರು ಮಾಡ್ಕೋಬೇಡಿ ಆಂಟಿ," ಎಂದ.

"ನಿನ್ನದೇನು ತಪ್ಪೋ ಇದರಲ್ಲಿ? ಅವನಿಗೆ ನನ್ನ ಸೊಂಟದ ಚಿಂತೆ."

"ಸೊಂಟಾನಾ?" ರೋದ್ರಿ ನಿಂತುಬಿಟ್ಟ. "ಅಂಕಲ್ ನಿಮಗೆ ಹೇಳಲಿಲ್ವಾ?"

"ಏನು ಹೇಳಬೇಕಿತ್ತು?"

ಅವನು ಮಳೆಯಲ್ಲಿ ಟೋಪಿ ತೆಗೆದು, ಮತ್ತೆ ಹಾಕಿಕೊಂಡ. "ಹೋದ ವರ್ಷ ನೀವಿಬ್ಬರೂ ಇರೋ ಕಡೆ ಸಾಲು ಹಿಂದೆ ಬೀಳ್ತಿತ್ತು ಆಂಟಿ. ಆ ಸಂದೀಲಿ ಹಕ್ಕಿಗಳೆಲ್ಲ ಹಿಂದಕ್ಕೆ ನುಸುಳ್ತಿದ್ವು. ಒಬ್ಬರಾದ್ರೆ ಹೇಗೋ ಸಂಭಾಳಿಸ್ತೀನಿ, ಇಬ್ಬರಾದ್ರೆ ಆಗಲ್ಲ, ಯಾರು ಸಾಲಲ್ಲಿರಬೇಕು ಯಾರು ತಡೆಗೆ ಅಂತ ನೀವಿಬ್ಬರೂ ಮಾತಾಡ್ಕೊಂಡು ಹೇಳಿ ಅಂತ ಅಂಕಲ್‌ಗೆ ಅಂದಿದ್ದೆ. ಮಾರನೇ ದಿನವೇ ಬಂದು ಹೇಳಿದ್ರು, ಗ್ಲೆನಿಸ್ ತಡೆಗೆ ನಿಲ್ತಾಳಂತೆ ಅಂತ."

ಸಾಲಿನವರನ್ನು ಕರೆದೊಯ್ಯುವ ಟ್ರೇಲರಿನಲ್ಲಿ ಎಲ್ಲರೂ ಹುಲ್ಲಿನ ಪೆಂಡಿಗಳ ಮೇಲೆ ಕೂತು ಸೂಪು ಕುಡಿಯುತ್ತಿದ್ದರು. ನಾನು ಹತ್ತಿದ ರಭಸಕ್ಕೆ ಎಮ್ಲಿನ್ ತನ್ನ ಲೋಟವನ್ನು ಎದೆಗೆ ಅವುಚಿಕೊಂಡ.

"ಮಾತಾಡ್ಕೊಂಡು ಹೇಳಿ ಅಂದಿದ್ನಂತೆ," ಎಂದೆ. "ನೀನು ಯಾರ ಜೊತೆ ಮಾತಾಡ್ಕೊಂಡ್ಯೋ? ನಾಯಿ ಜೊತೆನಾ?"

"ಗ್ಲೆನಿಸ್, ಎಲ್ಲರ ಮುಂದೆ ಯಾಕೆ..."

"ನನ್ನನ್ನ ಅಲ್ಲಿ ನಿಲ್ಲಿಸಿದ್ದು ಎಲ್ಲರ ಮುಂದೆ ತಾನೆ?"

"ನಿನ್ನ ಸೊಂಟ..."

"ನನ್ನ ಸೊಂಟದ ಸುದ್ದಿ ತೆಗೀಬೇಡ. ಹೋದ ವರ್ಷ ಗೇಟು ಹತ್ತಿ ಮೇಲೆ ಕೂತವನು ಇಳಿಯೋಕಾಗದೆ ನನ್ನನ್ನ ಕೂಗಿದ್ಯಲ್ಲ, ಆಗ ಕೈ ಕೊಟ್ಟಿದ್ದು ಯಾರು?"

ಇಡ್ವಾಲ್ ಸೂಪಿನಲ್ಲಿ ಕೆಮ್ಮಿಕೊಂಡ. ಮಿಕ್ಕವರೆಲ್ಲ ಟ್ರೇಲರಿನ ಸೂರು ನೋಡುತ್ತಿದ್ದರು. ಎಮ್ಲಿನ್ ಲೋಟವನ್ನು ಕೆಳಗಿಟ್ಟ.

"ಹೆದರಿಕೆ ಆಯ್ತು ಕಣೇ," ಎಂದ ಮೆಲ್ಲಗೆ. "ತಡೆಗೆ ಹೋದೋರು ಯಾರೂ ವಾಪಸ್ ಬಂದಿಲ್ಲ."

"ಅದಕ್ಕೇ ನನ್ನನ್ನ ಕಳಿಸಿದ್ಯಾ?"

ನನಗೆ ಅಳು ಬಂತು. ಸಿಟ್ಟಿನಿಂದಲೇ ಬಂತು, ಆದರೂ ಬಂತು. "ಒಂದು ಮಾತು ಕೇಳಬಹುದಿತ್ತಲ್ಲೋ ಎಮ್ಲಿನ್. ನಂಗೆ ಈ ಜಾಗ ಬಿಡೋಕಾಗಲ್ಲ ಗ್ಲೆನಿಸ್, ನೀನು ನಿಂತ್ಕೋತೀಯಾ ಅಂತ ಒಂದೇ ಒಂದು ಮಾತು. ಕೊಟ್ಟಿರ್ತಿದ್ದೆ. ನಮ್ಮಪ್ಪನಾಣೆ, ನಗ್ತಾ ಕೊಟ್ಟಿರ್ತಿದ್ದೆ."

ನಾನು ಹೆಗಲಿನ ಪಟ್ಟಿ ಕಳಚಿ, ಆ ಹಾಸಿಗೆಯನ್ನು ಕಾಲಿನಿಂದ ಎಳೆದು ಅವನ ಮಡಿಲಿಗೆ ಎಸೆದೆ. "ಬಿಚ್ಚು ನಿನ್ನದು," ಎಂದೆ. ಒಳಗೆ ಉಣ್ಣೆಯ ಪ್ಯಾಂಟು ಇತ್ತು ಬಿಡಿ, ಮಾನ ಹೋಗುವಂಥದ್ದೇನೂ ಆಗಲಿಲ್ಲ. ಅವನು ತನ್ನ ತೂತುಬಿದ್ದ ಹಳೆಯ ಮೇಲ್‌ಪ್ಯಾಂಟು ಬಿಚ್ಚಿಕೊಟ್ಟ. ನನ್ನದು ಅವನ ಹೊಟ್ಟೆಯ ಮೇಲೆ ಮುಚ್ಚಿಕೊಳ್ಳಲಿಲ್ಲ, ಪಟ್ಟಿಯ ಬಲದಲ್ಲಿ ಜೋತಾಡುತ್ತಿತ್ತು. ಅವನದನ್ನು ನಾನು ಹುರಿಯಿಂದ ಎರಡು ಸುತ್ತು ಬಿಗಿದುಕೊಂಡೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೋದ್ರಿ, ದೊಡ್ಡ ಬುದ್ಧಿವಂತ, ಒಂದು ಮಾತೂ ಆಡದೆ ಎಮ್ಲಿನ್‌ನನ್ನು ಬೇಲಿಯ ಮೂಲೆಗೆ ಕರೆದುಕೊಂಡು ಹೋದ.

ಮಧ್ಯಾಹ್ನದ ಸುತ್ತು ಕಾಡಿನ ಅತಿ ಕಡಿದಾದ ಏರಿನಲ್ಲಿ. ನೂರು ಗಜ ಹೋಗುವಷ್ಟರಲ್ಲಿ ನೀರು ತೂತುಗಳಿಂದ ಒಳಗಿಳಿದು ಬೂಟಿನೊಳಗೆ ಪಚಪಚ ಅನ್ನತೊಡಗಿತು. ಕರಿಮುಳ್ಳು ತೊಡೆಗೆ ಸರಿಯಾಗಿ ಗೀರಿತು. ನಾನು ಹಿಂದೆ ಬೀಳಲಿಲ್ಲ. ಗಂಟಲು ಹರಿಯುವ ಹಾಗೆ ಕಿರುಚಿದೆ, ಪೊದೆಗಳಿಗೆ ಎಮ್ಲಿನ್‌ನ ಬೆನ್ನೇ ಎಂಬಂತೆ ಬಾರಿಸಿದೆ. ತುದಿ ಮುಟ್ಟಿದಾಗ ಹಕ್ಕಿಗಳು ಒಂದರ ಹಿಂದೆ ಒಂದು ಎದ್ದು ಕಣಿವೆಯ ಮೇಲೆ ಹಾರಿದವು. ಕುಚ್ಚಿನವರು ಎಂದಿನಂತೆ ತಪ್ಪಿಸಿದರು. ನನ್ನ ಬಲಗಡೆ ಇಡ್ವಾಲ್ ಇದ್ದ. ಬಲಗಡೆ ನೋಡಿದಾಗಲೆಲ್ಲ ಬೇರೆ ಯಾರದೋ ಮನೆಗೆ ಬಂದ ಹಾಗಾಗುತ್ತಿತ್ತು. ಕೆಳಗಿನ ಮೂಲೆಯಿಂದ ಟಕ್ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ತೀರಾ ಅವಸರದ ಬಡಿತ, ಹೊಸಬರು ಬಡಿಯುವುದೇ ಹಾಗೆ. ಅವನು ಅಲ್ಲಿ ಒಬ್ಬನೇ ನಿಂತಿದ್ದಾನಲ್ಲ ಎಂದುಕೊಂಡೆ. ನಿಂತಿರಲಿ ಎಂದು ಇನ್ನೂ ಜೋರಾಗಿ ಕಿರುಚಿದೆ.

ಮನೆಗೆ ಹೋಗುವಾಗ ಕಾರು ನಾನೇ ಓಡಿಸಿದೆ. ನನ್ನ ಕಾಲಿನಿಂದ ನೀರು ಸೀಟಿಗೆ ಇಳಿಯುತ್ತಿತ್ತು. ಅವನು ಪಕ್ಕದಲ್ಲಿ ಒಣಗಿದ ಸೌದೆಯ ಹಾಗೆ ಕೂತಿದ್ದ. ಚಾಪೆಲ್ ದಾಟಿತು, ಹಾಲಿನ ಡಿಪೋ ದಾಟಿತು. ನಮ್ಮ ಓಣಿಗೆ ತಿರುಗುವಾಗ ಕೊನೆಗೂ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಗ್ಲೆನಿಸ್. ನಂಗೆ ಆ ಜಾಗ ಬಿಟ್ಟಿರೋಕಾಗಲ್ಲ. ಮುಂದಿನ ಶನಿವಾರದಿಂದ ತಡೆಗೆ ನೀನು ನಿಂತ್ಕೋತೀಯಾ?"

ನೋಡಿ, ಕೇಳಲು ಬರುತ್ತದೆ ಅವನಿಗೆ. ಎಷ್ಟು ಚೆನ್ನಾಗಿ ಕೇಳಿದ! ನಾನು ಕಾರು ನಿಲ್ಲಿಸಿ, ಅವನ ಮುಖವನ್ನೇ ನೋಡುತ್ತಾ ಕೂತೆ. ಮುದುಕನಾಗಿದ್ದಾನೆ ಎಂದು ಅಷ್ಟು ಹತ್ತಿರದಿಂದ ನಾನೂ ಅಂದೇ ಕಂಡದ್ದು.

"ಇಲ್ಲ," ಎಂದೆ.