ಅಚ್ಚಾದ ಮೇಲಿನ ತಿದ್ದುಪಡಿ

ಪತ್ರಿಕೆಯೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತರಾದ ಅವರಿಗೆ ಕಚೇರಿಯಲ್ಲಿ ‘ಅಲ್ಪವಿರಾಮ’ ಎಂದೇ ಅಡ್ಡಹೆಸರು. ಆಮಂತ್ರಣ ಪತ್ರಿಕೆ ಹಿಡಿದು ಮನೆಗೆ ಬಂದವರು ಅದನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಬೇಗ ಜಾಗ ಖಾಲಿ ಮಾಡುತ್ತಿದ್ದರು.

ಈಗ ಅವರ ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು. ಕೀಮೋ ಜೊತೆ ಇನ್ನೊಂದು ಔಷಧಿ ಕೊಟ್ಟರೆ ಗಡ್ಡೆ ಕುಗ್ಗಬಹುದು ಎಂದಿದ್ದರು ಡಾಕ್ಟರಮ್ಮ. ಆದರೆ ಗಡ್ಡೆಯ ಜೀನಿನಲ್ಲಿ ರೂಪಾಂತರವಾಗಿರಬಾರದು. ಆಗಿದ್ದರೆ ಆ ಔಷಧಿಯಿಂದ ಉಪಯೋಗವಿಲ್ಲ, ಕೆಡುಕೂ ಆದೀತು. ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕು ಲ್ಯಾಬಿಗೆ ಹೋಯಿತು. ಬ್ಲಾಕು ಎಂಬ ಮಾತು ಕೇಳಿ ಅವರಿಗೆ ಚಿತ್ರಗಳನ್ನು ಬ್ಲಾಕಿನಿಂದ ಅಚ್ಚು ಹಾಕುತ್ತಿದ್ದ ಹಳೆಯ ಮುದ್ರಣಾಲಯ ನೆನಪಾಗಿ ಖುಷಿಯೇ ಆಯಿತು.

ಹದಿನಾಲ್ಕನೆಯ ದಿನ ವರದಿ ಬಂತು: ರೂಪಾಂತರ ಕಂಡುಬಂದಿಲ್ಲ. ಮಗಳು ಅಂದು ಹೊಟ್ಟೆ ತುಂಬ ಉಂಡಳು. ಹೆಂಡತಿ ಅಕ್ಕಪಕ್ಕದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿ ಬಂದರು. ಅವರು ಮಾತ್ರ ಕನ್ನಡಕ ಏರಿಸಿಕೊಂಡು ವರದಿ ಓದುತ್ತ ಕೂತರು. ಹೆಸರು ಸರಿ, ವಯಸ್ಸು ಸರಿ. ಬ್ಲಾಕಿನ ಸಂಖ್ಯೆ 4176. ಆಸ್ಪತ್ರೆಯ ಚೀಟಿಯಲ್ಲಿದ್ದದ್ದು 4716.

ಟೈಪ್ ಮಾಡಿದವರ ಕೈತಪ್ಪು, ಸುಮ್ಮನಿರು ಎಂದಳು ಮಗಳು.

“ಒಳ್ಳೇ ಸುದ್ದೀಲೂ ತಪ್ಪು ಹುಡುಕ್ತೀರಲ್ಲ ರೀ, ನಿಮ್ಮ ಜೊತೆ ಏಗಿದ್ದೇ ಆಯ್ತು,” ಎಂದರು ಹೆಂಡತಿ.

ಸುಮ್ಮನಿರುವ ಆಸೆ ಅವರಿಗೂ ಇತ್ತು. ಎರಡು ದಿನ ವರದಿಯನ್ನು ಕಪಾಟಿನಲ್ಲಿ ಬಟ್ಟೆಗಳ ಕೆಳಗಿಟ್ಟರು. 4176 ಎಂದರೆ ಯಾರೋ ಒಬ್ಬರು ಇರಬೇಕಲ್ಲ, ತನ್ನ ವರದಿ ಅವರಿಗೆ ಹೋಗಿರಬೇಕಲ್ಲ ಎಂಬುದು ತಲೆಯಿಂದ ಇಳಿಯಲಿಲ್ಲ. ಮೂರನೆಯ ದಿನ ಲ್ಯಾಬಿಗೆ ಹೋದರು. ಇಲ್ಲಿ ಅಂಥದ್ದೆಲ್ಲ ಆಗುವುದಿಲ್ಲ ಎಂದ ಗುಮಾಸ್ತ ರಿಜಿಸ್ಟರ್ ತೆರೆದು ಎರಡೂ ಸಂಖ್ಯೆಗಳ ಮೇಲೆ ಬೆರಳಿಟ್ಟು ನೋಡಿ, ಮೇಲಿನವರನ್ನು ಕರೆಯಲು ಎದ್ದ.

ಎರಡೂ ಬ್ಲಾಕುಗಳ ಪರೀಕ್ಷೆ ಮತ್ತೆ ನಡೆಯಿತು. ಹತ್ತು ದಿನದ ಮೇಲೆ ಡಾಕ್ಟರಮ್ಮ ಅವರನ್ನು ಎದುರಿಗೆ ಕೂರಿಸಿಕೊಂಡು, ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಜಿ ಇರಬೇಕಾದ ಕಡೆ ಎ ಇದೆ ಎಂದರು. ಆ ಔಷಧಿ ಕೊಡುವ ಹಾಗಿಲ್ಲ.

“ಒಂದಕ್ಷರ ತಾನೇ? ತಿದ್ದೋಕಾಗಲ್ವಾ?”

“ಇಲ್ಲ ಸರ್. ಅಚ್ಚಾಗಿ ಹೋಗಿದೆ ಅಂದ್ಕೊಳ್ಳಿ.” ಕೀಮೋ ಇದೆ, ಬೇರೆ ಔಷಧಿ ಸೇರಿಸಿ ನೋಡೋಣ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಆ ಇನ್ನೊಬ್ಬರಿಗೆ ಈ ಔಷಧಿ ಆಗಲ್ಲ ಅಂದುಬಿಟ್ಟಿದ್ವಿ. ಸೋಮವಾರದಿಂದ ಅವರಿಗೆ ಶುರು ಮಾಡ್ತೀವಿ.”

ಮನೆಗೆ ಬಂದ ಮೇಲೆ ಮಗಳು ಹೊಸ ವರದಿಯನ್ನು ಅವರ ಮುಂದಿಟ್ಟು, ಪಕ್ಕದಲ್ಲೇ ಕೆಂಪು ಪೆನ್ನನ್ನೂ ಇಟ್ಟಳು.

“ಇದನ್ನೂ ಒಂದ್ಸಲ ನೋಡಪ್ಪ.”

ಮೂರು ಸಲ ಓದಿದರು. ತಪ್ಪು ಸಿಗಲಿ ಎಂದು ಆಸೆಪಟ್ಟು ಓದಿದ್ದು ಇದೇ ಮೊದಲು. 4716. ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ.

ಪೆನ್ನಿನ ಮುಚ್ಚಳ ಹಾಕಿದರು.